ಸುಣ್ಣದ ಬಳೆ

ಗೂಟ ಹೊಡೆದು ಹಗ್ಗ ಕಟ್ಟಿ
ಹಗ್ಗದ ತುದಿ ಹಿಡಿದು ಸುತ್ತಬೇಕು ನಾನು
ಗಾಣದೆತ್ತಿನ ಹಾಗೆ.
ಕೈಯಲ್ಲಿ ಸುಣ್ಣದ ಡಬ್ಬ, ತಳಕ್ಕೆ ಮೊಳೆಯ ತೂತು.
ಒಂದು ಸುತ್ತಿಗೆ ಐವತ್ತು ಹೆಜ್ಜೆ.
ವಿಮಾನಪುರದ ಬಯಲಲ್ಲಿ, ಗೋಡೆಯಾಚೆ
ಮಾರತ್ತಹಳ್ಳಿ ಬಸ್ಸು ಹಾರ್ನ್ ಹೊಡೆಯುವ ಕಡೆ
ಈ ಪಿಳ್ಳಪ್ಪ ದಿನಾ ಬೆಳಿಗ್ಗೆ
ಒಂದು ದ್ವೀಪ ಮಾಡುತ್ತಾನೆ.

ಗೆರೆಯೊಳಗೆ ಬಂಡೆ, ಹೊರಗೆಲ್ಲ ಸಮುದ್ರ.
ಮೊದಲ ದಿನ ಗರಿಕೆ ಮೇಲೆ ನಿಂತು ಬೀಡಿ ಹಚ್ಚಿದ್ದೆ.
ಕ್ಯಾಪ್ಟನ್ ಸಾಲಿಯಾನ್ ಗಡಿಯಾರ ನೋಡಿ,
"ಪಿಳ್ಳಪ್ಪ, ನೀನು ಮುಳುಗಿ ಎರಡು ನಿಮಿಷ ಆಯ್ತು" ಅಂದರು.

ಬಲಗಡೆ ದೀಪಸ್ತಂಭ ಬೇಕಲ್ಲ,
ಸರ್ವೆಮರದ ಕಂಬ ನೆಟ್ಟು
ತುದಿಗೆ ಡಾಂಬರಿನ ಖಾಲಿ ಡ್ರಮ್ಮು.
ಕೆಂಪು ಬಿಳಿ ಪಟ್ಟೆ ನನ್ನದೇ ಕೈಕೆಲಸ.
ರೆಕ್ಕೆ ತುದಿಗೂ ಡ್ರಮ್ಮಿಗೂ ನಡುವೆ
ಒಂದು ಆಟೋ ನುಗ್ಗುವಷ್ಟು ಜಾಗ;
ನಮ್ಮೂರ ಆಟೋ ಆದರೆ ಎರಡು.

ಅಲ್ಲಿ ನಿಜವಾದ ಬಂಡೆ ಮೇಲೆ
ದೀಪ ಕಾಯುವವರು ಇಬ್ಬರೇ ಅಂತೆ.
ಡೀಸೆಲ್ಲು, ಈರುಳ್ಳಿ, ಬ್ಯಾಟರಿ, ಹದಿನೈದು ದಿನದ ಪೇಪರು
ಎಲ್ಲಾ ಇವರೇ ಇಳಿಸಬೇಕು,
ಮಳೆಗಾಲಕ್ಕೆ ದೋಣಿ ಹತ್ತಿರ ಸುಳಿಯೋದಿಲ್ಲ.
ಇಳಿಯುವಾಗ ನೀರು ನೋಡಬಾರದು ಅಂತಾರೆ.
ಓಡೋದು ನೀರು,
ನೋಡಿದವನಿಗೆ ತಾನೇ ಓಡಿದಂಗೆ ಆಗುತ್ತೆ,
ಕೈ ತಪ್ಪುತ್ತೆ.
ಅಂಚು ನೋಡು, ಬಿಳಿ ಅಂಚು ಮಾತ್ರ ನೋಡು.
ಮೂರು ತಿಂಗಳಿಂದ ಆ ಅಂಚು ಬರೆಯುವವನು ನಾನು.

ಸಮುದ್ರ ನೋಡಿಲ್ಲ. ನೊರೆ ನೋಡಿದ್ದೀನಿ,
ಬೆಳ್ಳಂದೂರು ಕೆರೆ ಉಕ್ಕಿ ರಸ್ತೆಗೆ ಹಾರಿ
ಸ್ಕೂಟರಿನವರ ಮುಖಕ್ಕೆ ಅಂಟಿದ್ದು.
"ಹಂಗೇ ಇರುತ್ತಾ ಸಾರ್?"
ಮಲ್ಪೆಯಲ್ಲಿ ಹುಟ್ಟಿದ ಮನುಷ್ಯ
ಸ್ವಲ್ಪ ಹೊತ್ತು ಸುಮ್ಮನಿದ್ದು
"ವಾಸನೆ ಬೇರೆ" ಅಂದರು.

ಅವರ ಹುಡುಗರು ಗೊಣಗುತ್ತಾರೆ, ಅಂಗೈಯಗಲ ಸಾರ್,
ಮೇಲಿಂದ ಬಳೆ ಬಿದ್ದಂಗೆ ಕಾಣುತ್ತೆ.
ನಾನು ಸುತ್ತುತ್ತಾ ಲೆಕ್ಕ ಹಾಕುತ್ತೇನೆ:
ಕಗ್ಗದಾಸಪುರದಲ್ಲಿ ನನ್ನದು ಇಪ್ಪತ್ತು ಮೂವತ್ತು ಸೈಟು,
ಕೆಳಗೆ ನಾವು ಐದು ಜನ, ಮೇಲೆ ಶೀಟಿನ ಮನೆ ಬಾಡಿಗೆಗೆ.
ಚದರದ ಲೆಕ್ಕದಲ್ಲಿ ಈ ಬಳೆ ಅಂಥವು ಎರಡು,
ಮಿಕ್ಕ ಚೂರಿಗೆ ಒಂದು ಕರಿಬೇವಿನ ಗಿಡ.

ಒಂದು ದಿನ ಗೆರೆಯೊಳಗೇ ನಿಲ್ಲಿಸಿದರು.
ದೀಪ ಕಾಯುವವನ ಪಾತ್ರ ನನ್ನದು,
ಎರಡು ಕಿತ್ತಳೆ ಬಾವುಟ, ಕಿವಿಗೆ ಹತ್ತಿ.
ಮೊದಲು ಪಕ್ಕೆಯಲ್ಲಿ ಬಡಿತ, ಆಮೇಲೆ ಸದ್ದು.
ಹುಲ್ಲು ಮಲಗಿತು. ಎಣ್ಣೆ ಜಿನುಗುವ ಹೊಟ್ಟೆ
ನೆತ್ತಿಗೆ ಬಂತು. ಅಂಗಿಯೊಳಗೆ ಗಾಳಿ ತುಂಬಿ
ನಾನೂ ಅರ್ಧ ಎದ್ದೆ.
ಬಾವುಟ ಇಳಿಸೋದು ಮರೆತೇಹೋಯ್ತು.
ಕಾದರು.
ಅಷ್ಟು ದೊಡ್ಡ ಯಂತ್ರ ಗಾಳಿಯಲ್ಲಿ ನಿಂತುಕೊಂಡು
ಸುಣ್ಣದವನ ಕೈ ಇಳಿಯಲಿ ಅಂತ
ಕಾದರು.

ನೆಲ ಮುಟ್ಟುವ ಹೊತ್ತಿಗೆ ಗೆರೆಯೇ ಇರಲಿಲ್ಲ,
ಸುಣ್ಣವೆಲ್ಲ ನನ್ನ ಮೈಮೇಲೆ.
ಯಾವುದು ಬಂಡೆ ಯಾವುದು ನೀರು ತಿಳಿಯದೆ
ಒಂದು ಹೆಜ್ಜೆಯೂ ಇಡದೆ ನಿಂತಿದ್ದೆ.

ಆಷಾಢದಲ್ಲಿ ಹೋದರು. ಹನ್ನೊಂದು ದಿನಕ್ಕೆ ವಾಪಸ್ಸು.
ತೊಳೆಯೋಕೆ ನನ್ನನ್ನೂ ಕರೆದರು.
ಹೊಟ್ಟೆ ಕೆಳಗೆ, ಮೊಳೆಗಳ ಸಾಲಿನ ಸಂದಿಯಲ್ಲಿ
ಬಿಳೀ ಪೊರೆ.
ನಂದೇ ಸುಣ್ಣ, ಎಷ್ಟು ದೂರ ಹೋಗಿ ಬಂತಪ್ಪಾ ಅಂತ
ಉಗುರಲ್ಲಿ ಕೆರೆದು ನಾಲಿಗೆಗಿಟ್ಟೆ.
ಎಲೆಯಡಿಕೆ ಹಾಕುವ ನಾಲಿಗೆ,
ಸುಣ್ಣದ ಗುರುತು ಇಲ್ಲದೆ ಇರುತ್ತಾ?

ಸುಣ್ಣ ಅಲ್ಲ.

"ಅಲ್ಲಿ ಗೆರೆ ನೆಟ್ಟಗಿತ್ತಾ ಸಾರ್?"
"ಗೆರೆ ಎಲ್ಲಿ ಬಂತು, ಬರೀ ಹಕ್ಕಿ ಹಿಕ್ಕೆ" ಅಂದು
ಪೈಪು ನನ್ನ ಕೈಗೆ ಕೊಟ್ಟು ಹೋದರು.
ನೀರು ಬಿಟ್ಟೆ. ಸ್ವಲ್ಪ ತಡವಾಗಿಯೇ ಬಿಟ್ಟೆ.

ನಾಳೆ ಹೊಸ ಹುಡುಗರು.
ರಾತ್ರಿಯೆಲ್ಲ ಹನಿ ಬಿದ್ದು ಸೆಣಬಿನ ಹಗ್ಗ
ಒಂದು ಗೇಣು ಕುಗ್ಗಿದೆ.
ದ್ವೀಪ ಆ ಮಟ್ಟಿಗೆ ಚಿಕ್ಕದು.
ಅವರಿಗೆ ಹೇಳೋದಿಲ್ಲ.