ಒತ್ತಕ್ಷರಕ್ಕೆ ಬೇರೆ ಮನೆಯಿಲ್ಲ

ಹುಬ್ಬಳ್ಳಿಯ ಪೇಪರು ಅರಬೈಲು ಘಟ್ಟ ಇಳಿದು
ಕೋಡಿಬಾಗ ಮುಟ್ಟುವಾಗ ಏಳೂವರೆ.
ಘಟ್ಟದಲ್ಲಿ ಲಾರಿ ಮಗುಚಿದ ದಿನ ಹನ್ನೊಂದು.
ಅಲ್ಲಿಯವರೆಗೆ ಮಾಂಯ್ ಚಹಾ ಮುಟ್ಟುವುದಿಲ್ಲ,
ಹಳೆಯ ಬ್ಲೇಡಿನಿಂದ
ಪೆನ್ಸಿಲು ಚೂಪು ಮಾಡುತ್ತಲೇ ಇರುತ್ತಾರೆ.

ಕಲೆಕ್ಟರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟು.
ಈಗಲೂ ಮಾತಾಡುವಾಗ ಬೆರಳು
ಮೇಜಿನ ಮೇಲೆ ಅಕ್ಷರ ಹುಡುಕುತ್ತವೆ.

ನಾನು ಕಾಣಕೋಣದವಳು.
ಗಡಿ ದಾಟಿ ಬಂದಾಗ ನನಗೆ ಕನ್ನಡವೆಂದರೆ
ಬಸ್ಸಿನ ಬೋರ್ಡು: ಎಲ್ಲ ಉರುಟುರುಟು,
ಕೆಂಡದ ಮೇಲೆ ಉಬ್ಬಿದ ಹಪ್ಪಳದ ಹಾಗೆ.
ಕಾಗುಣಿತದ ಪುಸ್ತಕ ತರಲೇ ಎಂದೆ. ಬೇಡ ಎಂದರು.
ಅಂದಿನ ಪದಬಂಧ ಬಿಡಿಸಿ, ರಬ್ಬರಿನಿಂದ ಅಳಿಸಿ,
ಮಡಚಿ ನನ್ನ ಕಡೆ ನೂಕಿದರು.

ಕಲ್ಲು ಬರೆಯಲು ಮೂರು ಮನೆ ಹಿಡಿದೆ:
ಕ, ಲ್, ಲು.
ನನ್ನ ಲಿಪಿಯಲ್ಲಿ ಅರ್ಧ ಅಕ್ಷರ ಪಕ್ಕದಲ್ಲೇ ನಿಲ್ಲುತ್ತದೆ,
ಹೆಗಲಿಗೆ ಹೆಗಲು ಕೊಟ್ಟು.
"ಒತ್ತಕ್ಷರಕ್ಕೆ ಬೇರೆ ಮನೆಯಿಲ್ಲ," ಎಂದರು ಮಾಂಯ್,
"ಮೇಲಿನದರ ಕಾಲಡಿ ಇರಬೇಕು."
ಮದುವೆಯಾಗಿ ಆಗ ಮೂರನೇ ತಿಂಗಳು.
ನಾನು ತಲೆ ಎತ್ತಲಿಲ್ಲ.

ಆಮೇಲೆ ಸುಳಿವುಗಳ ಕಳ್ಳದಾರಿ.
*ತಿರುಗಿ ಬಂದವನು ಕವಿನಾ? ಅಲ್ಲ, ಹಡಗಿನವನು. ಮೂರು ಅಕ್ಷರ.*
ಅಂಬಿಗ ಎಂದು ಬರೆದೆ, ಅಡ್ಡಪದ ಒಪ್ಪಲಿಲ್ಲ.
"ತಿರುಗಿಸು," ಎಂದರು. ಏನನ್ನು? ಹೇಳಲಿಲ್ಲ.
ನಾನು ಪೇಪರನ್ನೇ ತಿರುಗಿಸಿ ನೋಡಿದೆ.
ಮರುದಿನ ಅಚ್ಚಾಗಿ ಬಂತು: ನಾವಿಕ.
ಹಿಂದಿನಿಂದ ಮುಂದಕ್ಕೆ ಬೆರಳಿಟ್ಟೆ, ಕ, ವಿ, ನಾ,
ಇಡೀ ಉತ್ತರ ಪ್ರಶ್ನೆಯೊಳಗೇ ಕೂತು
ನನ್ನನ್ನೇ ನೋಡುತ್ತಿತ್ತು.

*ಕೊನೆಯಿಲ್ಲದ ಕಡಲು, ಸಾಲ. ಎರಡು.*
ಇದು ಬಿಡಿಸಿದ್ದು ಬೈತಖೋಲದ ಧಕ್ಕೆಯಲ್ಲಿ.
ಬಂಗಡೆ ತೂಗುತ್ತ ನಾಗೇಶ ತಾಂಡೇಲ ಯಾರಿಗೋ ಫೋನಿನಲ್ಲಿ,
"ಡೀಸೆಲ್ಲಿಗೆ ಕಡ ತಂದಿದ್ದೇನೆ ಮಾರಾಯ" ಎಂದ.
ತಕ್ಕಡಿಯ ಎದುರಿಗೇ ನಾನು ಕೂಗಿದೆ: "ಕಡ!"
ಅವನು ಬುಟ್ಟಿ ಹಿಂದಕ್ಕೆಳೆದುಕೊಂಡ.
"ಇಲ್ಲ ಬಾಯಿ, ಇವತ್ತು ನಗದು."

ಅಳಿಸಿದರೂ ಪೆನ್ಸಿಲಿನ ಒತ್ತು ಉಳಿಯುತ್ತದೆ.
ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದರೆ
ಇಳಿತದ ಹೊತ್ತಿನ ಮರಳಗೆರೆಗಳ ಹಾಗೆ
ಅವರ ಉತ್ತರಗಳು ಏಳುತ್ತವೆ.
ಮೋಸ ಹೌದು. ಎಷ್ಟೋ ಸಲ ಮಾಡಿದ್ದೇನೆ.

ಒಂದು ಬುಧವಾರ, ಮೇಲಿನಿಂದ ಕೆಳಕ್ಕೆ, ಒಂಬತ್ತು.
*ನಾನು ಕಣ್ಣೀರು ಸುರಿಸಿದೆ, ಗಂಡನ ತಾಯಿ. ಎರಡು.*
ಓರೆ ಹಿಡಿದೆ. ಮೊದಲ ಮನೆಯಲ್ಲಿ
ಅಡ್ಡಪದದಿಂದ ಬಂದ ಒಂದು ಅ.
ಎರಡನೆಯದು ನುಣುಪು. ಪೆನ್ಸಿಲು ಮುಟ್ಟಿಯೇ ಇಲ್ಲ.

ಗಂಡನ ತಾಯಿಗೆ ನಾನು ಮಾಂಯ್ ಎನ್ನುವವಳು,
ಕನ್ನಡದ ಆ ಪದ ಈ ಮನೆಯಲ್ಲಿ
ಒಮ್ಮೆಯೂ ಬೇಕಾಗಿರಲಿಲ್ಲ.
ಇನ್ನೊಂದು ತುದಿ ಹಿಡಿದೆ:
ನಡೆ, ನಡೆದೆ. ಕುಣಿ, ಕುಣಿದೆ. ಅಳು,
"ಅಳಿದೆ?"

ಮಾಂಯ್ ನಕ್ಕರು. ಹಲ್ಲಿನ ಸೆಟ್ಟು ಕದಲುವಷ್ಟು.
"ಅಳಿದೆ ಎಂದರೆ ಸತ್ತೆ ಅಂತ ಹುಡುಗಿ,
ಸತ್ತವಳು ಪದಬಂಧ ಬಿಡಿಸುತ್ತಾಳಾ?"
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು,
ಒರೆಸಿದ್ದನ್ನೇ ಮತ್ತೆ ಒರೆಸಿದರು.
ಕಾಳಿ ಸೇತುವೆಯ ಮೇಲೆ ಯಾವುದೋ ಲಾರಿ ಹಾರ್ನು ಹೊಡೆಯಿತು.

"ಈ ಮನೆಗೆ ಬಂದ ಮೊದಲ ವರ್ಷ," ಎಂದರು,
"ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು
ನಾನೂ ಅತ್ತೆ."

ಚಹಾದ ಲೋಟ ಎತ್ತಿಕೊಂಡರು.
ನಾನು ತ ಬರೆದೆ.
ಅದರ ಕಾಲಡಿ ಇನ್ನೊಂದು ತ, ಒಂದೇ ಮನೆಯಲ್ಲಿ,
ಕಾಗದ ಹರಿಯುವಷ್ಟು ಒತ್ತಿ.

ಸೀಬರ್ಡ್ ಗೇಟಿನ ರಾತ್ರಿಪಾಳಿ ಮುಗಿಸಿ
ಇವರು ಬಂದರು, ಬೂಟು ಬಿಚ್ಚುತ್ತ ಕೇಳಿದರು:
"ಇಬ್ಬರೂ ಅತ್ತಿದ್ದೀರಾ, ನಕ್ಕಿದ್ದೀರಾ?"

"ಉತ್ತರ ನಾಳೆ," ಎಂದರು ಮಾಂಯ್.