ಹನ್ನೊಂದನೆಯ ಕಲಂ

ಹೋವರ್ಟನ್ ಅವರೇ,
ಈ ಕಡತಕ್ಕೆ ನೀವು ಮೂರನೆಯವರು.
ಮೊದಲಿನವರು ರಜೆಗೆ ಹೋದರು, ಎರಡನೆಯವರು ಎಲ್ಲಿಗೋ.
ಅದಕ್ಕೇ ಮತ್ತೆ ಮೊದಲಿಂದ.
ನನ್ನ ಹೆಸರು ನೈಜೋನ್. ಊರು ಸ್ಪ್ರಿಂಗ್‌ಡೇಲ್, ಅರ್ಕಾನ್ಸಾ.
ಊರು ಅಂದೆ, ಇರಲಿ; ದ್ವೀಪದ ಹೆಸರಿಗೆ
ನಿಮ್ಮ ಅರ್ಜಿಯಲ್ಲಿ ಜಾಗವಿಲ್ಲ.
ಬರೆಯುತ್ತಿರುವವಳು ಮಗಳು ಟಾರ್ಲಿನ್.
ಪೆನ್ನು ನನ್ನ ಬೆರಳಲ್ಲಿ ನಿಲ್ಲುವುದಿಲ್ಲ.
ಅವಳ ಕಾಗುಣಿತ ನನ್ನದಕ್ಕಿಂತ ಚೆನ್ನ.
ಸಿಟ್ಟೂ.

ಹನ್ನೊಂದನೆಯ ಕಲಂ ಖಾಲಿ ಇದೆ ಎಂದು
ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಲ ಹಿಂದಿರುಗಿತು ಅರ್ಜಿ.
ಗಾಯವಾದ ದಿನಾಂಕ.

ಯಾವುದನ್ನು ಬರೆಯಲಿ?
ಚಾಕು ಜಾರಲಿಲ್ಲ, ರಕ್ತ ಚಿಮ್ಮಲಿಲ್ಲ,
ಸೈರನ್ ಕೂಗಿ ಬೆಲ್ಟು ನಿಲ್ಲಲಿಲ್ಲ.
ಬೆಲ್ಟು ನಿಲ್ಲುವುದೇ ಇಲ್ಲ.
ನಿಮಿಷಕ್ಕೆ ಮೂವತ್ತು ರೆಕ್ಕೆ, ಸಂದಿಗೆ ಚಾಕು, ಚಟ್,
ಸಂದಿಗೆ ಚಾಕು, ಚಟ್,
ಹತ್ತು ಗಂಟೆಗೆಲ್ಲ ಅಲಗು ಮೊಂಡು,
ಆಮೇಲೆ ಕೊಯ್ಯುವುದು ಮಣಿಕಟ್ಟು.
ಟಾರ್ಲಿನ್ ಫೋನಿನಲ್ಲಿ ಗುಣಿಸಿದಳು:
ಆರು ವರ್ಷಕ್ಕೆ ಎರಡು ಕೋಟಿ ಹದಿನಾರು ಲಕ್ಷ.
ಅದರಲ್ಲಿ ಯಾವ ರೆಕ್ಕೆ ಎಂದು ನೀವು ಹೇಳಿ,
ಅದರ ದಿನಾಂಕ ನಾನು ಹುಡುಕುತ್ತೇನೆ.

ಮೊದಲು ಕಿರುಬೆರಳ ಪಕ್ಕದ್ದು ಜೋಮು ಹಿಡಿಯಿತು.
ಚಳಿಗೆ ಇರಬೇಕು ಅಂದುಕೊಂಡೆ,
ಒಳಗೆ ನಾಲ್ಕು ಡಿಗ್ರಿ, ನೆಲವೆಲ್ಲ ಮಂಜುನೀರು.
ಫ್ಯಾಕ್ಟರಿಯ ನರ್ಸು ಐಸು ಕೊಟ್ಟಳು.
ಕೋಳಿಗೂ ಐಸು, ನನಗೂ ಐಸು.
ರಾತ್ರಿ ಕೈಯನ್ನು ಮಂಚದಾಚೆ ಇಳಿಬಿಟ್ಟು ಮಲಗುತ್ತೇನೆ
ಪಕ್ಕದಲ್ಲಿ ಯಾರದೋ ಕೈ ಇದ್ದಂತೆ.
ಒಂದು ಬೆಳಿಗ್ಗೆ ಲೋಟ ಬಿತ್ತು.
ಅದು ಗಾಯವಾದ ದಿನವೇ?
ಅದು ಲೋಟ ಒಡೆದ ದಿನ.

ನಿಮ್ಮ ಡಾಕ್ಟರು ಒಳ್ಳೆಯ ಮನುಷ್ಯ, ನಗುತ್ತ ಕೇಳಿದರು:
ಮನೆಯಲ್ಲಿ ಏನಾದರೂ ಹೆಣೆಯುತ್ತೀರಾ, ಅಮ್ಮಾ?
ನನ್ನನ್ನು ಯಾರೂ ಅದನ್ನು ಕೇಳಿಯೇ ಇರಲಿಲ್ಲ ಇಲ್ಲಿ.
ಕೇದಗೆ ಎಲೆಯ ಚಾಪೆ, ಬೀಸಣಿಗೆ, ಹೂವಿನ ಬಿಲ್ಲೆ,
ಅಜ್ಜಿ ಕಲಿಸಿದ್ದು ಎಂದು ಅರ್ಧ ಗಂಟೆ ಹೇಳಿದೆ.
ಅವರು ಬರೆದುಕೊಂಡರು:
ಕಾರಣ, ಮನೆಯ ಹೆಣಿಗೆ.

ಕೈ ಕೊಟ್ಟಿತು ಎನ್ನುತ್ತಾರಲ್ಲ, ನೆಚ್ಚಿದ್ದು ಮೋಸ ಮಾಡಿದರೆ.
ನನ್ನ ಕೈ ನನಗೆ ಕೈ ಕೊಡಲಿಲ್ಲ.
ನಾನೇ ಕೊಟ್ಟೆ ಅದನ್ನು,
ಗಂಟೆಗೆ ಇಷ್ಟು ಎಂದು, ಎರಡನ್ನೂ.

ಅಜ್ಜಿ ಎಂದೆನಲ್ಲ. ಬುಬು ಎನ್ನುತ್ತೇವೆ ನಾವು.
ಅವಳ ಕಾಗದದಲ್ಲಿ ದಿನಾಂಕವಿತ್ತು, ಹೋವರ್ಟನ್ ಅವರೇ,
ಗಂಟೆಯೂ ಇತ್ತು:
ಐವತ್ತನಾಲ್ಕನೆಯ ಇಸವಿ, ಮಾರ್ಚ್ ಒಂದು, ಬೆಳಗ್ಗೆ ಆರೂಮುಕ್ಕಾಲು.
ಪಡುವಣದಲ್ಲಿ ಸೂರ್ಯ ಹುಟ್ಟಿದ್ದನ್ನು ಅವಳು ನೋಡಿದಳು,
ಆಮೇಲೆ ಆಕಾಶದಿಂದ ಬಿದ್ದ ಬಿಳಿ ಪುಡಿಯಲ್ಲಿ ಆಡಿದಳು.
ಒಂಬತ್ತು ವರ್ಷ.
ಬಾಂಬು ಹಾಕಿದವರೇ ಬರೆದಿಟ್ಟ ಸಮಯ, ತಕರಾರಿಲ್ಲ.
ಪರಿಹಾರ ಮಂಜೂರಾಯಿತು, ಮೊಹರು ಬಿತ್ತು,
ಕಂತು ಕಂತಾಗಿ ಬರುತ್ತ ಬರುತ್ತ
ನಿಧಿಯೇ ಬರಿದಾಯಿತು ಎಂದರು.
ಕುತ್ತಿಗೆಯ ಮೇಲೆ ಕೊಯ್ದ ಗೆರೆ ಹೊತ್ತು
ಬಾಕಿ ಲೆಕ್ಕವನ್ನು ಸೆರಗಲ್ಲಿ ಅಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು
ಅವಳು ಹೋದಳು.
ಡಬ್ಬಿ ಈಗ ನಮ್ಮ ಫ್ರಿಜ್ಜಿನ ಮೇಲಿದೆ.
ನಿಮ್ಮ ಪತ್ರಗಳನ್ನೂ ಅದರಲ್ಲೇ ಇಡುತ್ತಿದ್ದೇನೆ.

ಶುಕ್ರವಾರ ಕೊನೆಯ ದಿನವಂತೆ.
ಏನಾದರೊಂದು ಬರೆದುಬಿಡೋಣ ಅಮ್ಮ, ಎನ್ನುತ್ತಾಳೆ ಟಾರ್ಲಿನ್,
ನಿನ್ನ ಹುಟ್ಟಿದ ದಿನವನ್ನೇ ಬರೆಯಲಾ?
ನಕ್ಕೆವು ಇಬ್ಬರೂ, ಬಹಳ ಹೊತ್ತು,
ಕೆಳಗಿನ ಮನೆಯವರು ಗೋಡೆ ತಟ್ಟುವವರೆಗೆ.

ಸಹಿ ಮಾತ್ರ ನನ್ನದೇ ಆಗಬೇಕಂತೆ, ಚೌಕದೊಳಗೆ.
ಎರಡೂ ಕೈಯಲ್ಲಿ ಪೆನ್ನು ಹಿಡಿದೆ.
ನೈ, ಅಲ್ಲಿಯವರೆಗೆ ಸರಿ ಇತ್ತು,
ಆಮೇಲಿನದು ಗೆರೆ ದಾಟಿ
ಹನ್ನೊಂದನೆಯ ಕಲಮಿನ ಮೇಲೆ ಹೋಗಿ ನಿಂತಿತು.
ಇದೂ ವಾಪಸ್ ಬರುತ್ತೆ, ಎಂದಳು.
ಬರಲಿ.
ವಿಳಾಸ ಅದೇ.