ಆರು ಹತ್ತರ ಬಸ್ಸು

ಸುಂಟಿಕೊಪ್ಪದ ಹಾರ್ಡ್‌ವೇರ್ ಅಂಗಡಿಯ ಮೇಲೆ ನನ್ನ ಕೋಣೆ.
ಕೆಳಗೆ ಮೊಳೆ ತೂಗುತ್ತಾರೆ, ಮೇಲೆ ನಾನು ಕ್ಷಣ ತೂಗುತ್ತೇನೆ.
ಹೀಗಂದರೆ ಪೂಣಚ್ಚ ನಗುತ್ತಾನೆ:
"ಬಿಲ್ಲು ಮಾತ್ರ ಮದುವೆ ವಿಡಿಯೋ ರೇಟಿನದ್ದು."

ಅವನದು ಒಂಬತ್ತು ನಿಮಿಷದ ಚಿತ್ರ.
ಮಣ್ಣು ಜಾರಿದ ವರ್ಷ ಗುಡ್ಡಕ್ಕೆ ಹೋದ ತಮ್ಮ,
ದಾರಿ ಕಾಯುವ ಅಕ್ಕ. ಅಷ್ಟೇ ಕಥೆ.
ಅಕ್ಕನಾಗಿ ನಿಂತವಳು ಬಸ್‌ಸ್ಟ್ಯಾಂಡಿನ ಚಾ ಅಂಗಡಿಯ ಕಮಲಾಕ್ಷಿ,
ಅಲ್ಲಿಯವರೆಗೆ ಕ್ಯಾಮೆರಾ ಮುಂದೆ ಕೂತದ್ದು
ಆಧಾರ್ ಕಾರ್ಡಿಗೆ ಮಾತ್ರ.

ಅಳು ಎಂದರೆ ಅತ್ತಳು. ಹನ್ನೊಂದು ಟೇಕು.
ಹನ್ನೊಂದರಲ್ಲೂ ಕಣ್ಣೀರು ನಿಜದ್ದೇ.
ಹನ್ನೊಂದನ್ನೂ ಬದಿಗೆ ಸರಿಸಿದೆ.
ಪರದೆಯ ಮೇಲಿನವರು ಮೊದಲೇ ಅತ್ತು ಮುಗಿಸಿದರೆ
ಕೂತು ನೋಡುವವರಿಗೆ ಏನು ಕೆಲಸ?

ಆಮೇಲೆ ಸಿಕ್ಕಿತು. "ಕಟ್" ಎಂದ ಮೇಲೂ
ನಿಲ್ಲಿಸಲು ಮರೆತ ಕ್ಯಾಮೆರಾದಲ್ಲಿ ನಾಲ್ಕು ಸೆಕೆಂಡು:
ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡು
ರಸ್ತೆಯ ತಿರುವಿನತ್ತ ನೋಡುತ್ತಾಳೆ.
ತುಟಿ ತುಸು ತೆರೆದಿದೆ. ಮುಖದಲ್ಲಿ ಏನೂ ಇಲ್ಲ,
ಅಥವಾ ಏನಿಟ್ಟರೂ ಹಿಡಿಯುವಷ್ಟು ಜಾಗವಿದೆ.

ಪಕ್ಕದಲ್ಲಿ ಕುದಿಯುವ ಗಂಜಿ ಇಟ್ಟೆ, ಹಸಿದಳು.
ಗೋಲಿ ಆಡುವ ಹುಡುಗನನ್ನಿಟ್ಟೆ, ತಾಯಿಯಾದಳು.
ಬಾಗಿಲ ಬಳಿಯ ಒಂಟಿ ಗಮ್‌ಬೂಟನ್ನಿಟ್ಟೆ.
ಕುರ್ಚಿಯಿಂದ ನಾನೇ ಎದ್ದೆ, ಕಿಟಕಿ ತೆರೆದೆ,
ಕೆಳಗೆ ಯಾರೋ ಮುಕ್ಕಾಲಿಂಚಿನ ಪೈಪಿಗೆ
ಚೌಕಾಸಿ ಮಾಡುತ್ತಿದ್ದರು.

ನಾಲ್ಕು ಸೆಕೆಂಡು ಸಾಲದೆ, ವೇಗ ತಗ್ಗಿಸಿ ಆರು ಮಾಡಿದೆ.
ಹಳದಿ ಇಳಿಸಿದೆ, ನೀಲಿ ಒಂದಿಷ್ಟು.
ಪೂಣಚ್ಚನಿಗೆ ಇನ್ನೂ ನೀಲಿ ಬೇಕು.
ಜ್ವರ ಬಂದವಳ ಹಾಗೆ ಕಾಣುತ್ತಾಳೆ ಮಾರಾಯ, ಎಂದೆ.
ಕಾಫಿ ಪಲ್ಪರಿನ ಗಡಗಡ ಎಲ್ಲೆಲ್ಲೂ ನುಗ್ಗಿತ್ತು, ಒರೆಸಿದೆ;
ಒರೆಸಿದ ಜಾಗ ಕಿವುಡಾಯಿತು.
ಮೌನಕ್ಕೂ ಒಂದು ಸದ್ದು ಬೇಕಲ್ಲ.
ನಾಪೋಕ್ಲಿನ ಮದುವೆಯೊಂದರ ಫೋಲ್ಡರಿನಲ್ಲಿ
ಒಂದು ವಾಲಗ ನಿಂತು ಇನ್ನೊಂದು ಶುರುವಾಗುವ ನಡುವೆ
ಮುನ್ನೂರು ಜನ ಬರೀ ಉಸಿರಾಡುವ ಎರಡು ಸೆಕೆಂಡಿತ್ತು.
ಕದ್ದೆ. ಹಿಗ್ಗಿಸಿ, ತೆಳ್ಳಗೆ, ಅವಳ ಮುಖದಡಿ ಹಾಸಿದೆ.
ಮದುಮಗಳಿಗೆ ಗೊತ್ತಾಗದು,
ಅವಳ ಪೆನ್‌ಡ್ರೈವಿನಲ್ಲಿ ಎಲ್ಲ ಸರಿಯಾಗಿದೆ.

ಶಾಲೆಯ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು.
ಗಮ್‌ಬೂಟು. ಅವಳ ಮುಖ. ಗಮ್‌ಬೂಟು.
ಹಿಂದಿನ ಸಾಲಿನಲ್ಲಿ ಮೂಗು ಸೀಟುವ ಸದ್ದು.
ನಿವೃತ್ತ ಹವಾಲ್ದಾರ್ ಮಂದಣ್ಣ ಕನ್ನಡಕ ತೆಗೆದು
ಒರೆಸಿ, ಹಾಕಿ, ಮತ್ತೆ ತೆಗೆದರು.
ನಾನು ಪರದೆಗೆ ಬೆನ್ನು ಕೊಟ್ಟು
ಅವರನ್ನೆಲ್ಲ ನೋಡುತ್ತಿದ್ದೆ, ಬೇಲಿ ಹಾರಿದವನ ಹಾಗೆ.

ಕಮಲಾಕ್ಷಿ ನಕ್ಕಳು. ಜೋರಾಗಿಯೇ.
"ಅಯ್ಯೋ, ಅಲ್ಲಿ ನಾನು ನೋಡಿದ್ದು ಆರು ಹತ್ತರ ಬಸ್ಸನ್ನ!
ಹಾಲಿನ ಕ್ಯಾನು ಅದರಲ್ಲೇ ಬರುವುದು.
ನಾನು ನಿಂತಿರದಿದ್ದರೆ ಆ ಕಂಡಕ್ಟರ್
ಮಡಿಕೇರಿಗೇ ಒಯ್ದುಬಿಡುತ್ತಾನೆ."
ಹೇಳಿ, ಪಕ್ಕದವಳ ಮಗುವಿಗೆ ಬಾಳೆಹಣ್ಣು ಸುಲಿದಳು.

ರಾತ್ರಿ ಮತ್ತೆ ತೆರೆದೆ. ಕರೆಂಟು ಹೋಗಿ
ಯುಪಿಎಸ್ ಕೀರುತ್ತಿತ್ತು, ಬೇಗ ಬೇಗ ಮಾಡಿದೆ.
ಗಮ್‌ಬೂಟು ತೆಗೆದೆ.
ಅವಳ ಮುಖ ಬರುವ ಮೊದಲೇ, ಕಪ್ಪು ಪರದೆಯ ಮೇಲೆ
ತಿರುವಿನಾಚೆ ಬಸ್ಸೊಂದು ಗೇರು ಬದಲಿಸುವ ಸದ್ದು.
ಬಸ್ಸು ಕಾಣುವುದಿಲ್ಲ.
ಹತ್ತಿರ ಬರುತ್ತದೆ. ನಿಲ್ಲುತ್ತದೆ. ಬಾಗಿಲು ಬಡಿಯುತ್ತದೆ.
ಹೋಗುತ್ತದೆ.
ಆರು ಸೆಕೆಂಡನ್ನು ಮತ್ತೆ ನಾಲ್ಕಕ್ಕೇ ತಂದೆ,
ಅವಳು ನೋಡಿದ್ದು ಅಷ್ಟೇ ಹೊತ್ತು.

ಪೂಣಚ್ಚ ಹದಿನೈದು ದಿನ ಮಾತು ಬಿಟ್ಟ.

ಎರಡನೇ ಸಲ ತೋರಿಸಿದಾಗ ಯಾರೂ ಅಳಲಿಲ್ಲ.
ಮುಗಿದ ಮೇಲೆ ಯಾರೂ ಏಳಲೂ ಇಲ್ಲ.
ಲೈಟು ಹಾಕಲು ಹೋದ ಜವಾನ
ಸ್ವಿಚ್ಚಿನ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದ.
ಮಂದಣ್ಣನವರ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ.
ತಪ್ಪು ನಮ್ಮದೇ,
ಷೋ ಇಟ್ಟದ್ದು ಆರು ಗಂಟೆಗೆ.